ತಿಕೋಟಾದ ಅಳಿಯ ಬಿಟ್ಟ ಗೋಲು

…ಹಂಗಂತ ನಾ ಎಲ್ಲಿ ಅಂದೆ? ಗೋಲು ನಿನ್ನಿಂದನ ಆತು ಅಂತ ನಾ ಅಂದೇ ಇಲ್ಲ. ಗೋಲು ಆತು, ಅಷ್ಟ. ಹೋದ ಐತವಾರ, ವಿಜಾಪುರದಾಗ, ಕ್ವಾಟಿ ಗ್ವಾಡಿ ಬಾಜೂಕಿನ ಬೈಲಿನ್ಯಾಗ, ಎರಡು ಸಾವಿರ ಮಂದಿ ನೋಡಾಕತ್ತಾಗ, ನೀ ನಡಕ್ಕ ಎರಡೂ ಕೈ ಇಟಕೊಂಡು ನಿಂತಿ. ಚೆಂಡು ಸಂಜೀಮುಂದ ಮನಿಗಿ ಬರೂ ಕರದಂಗ ತಣ್ಣಗ ನಿನ್ನ ಬಾಜೂಕ ಹಾದು ಒಳಗ ಹೋತು. ಇದನ್ನ ಯಾರ ಮ್ಯಾಲೂ ಹಾಕಾಕತ್ತಿಲ್ಲ ನಾ. ನೋಡಿದ್ದು ಹೇಳಾಕತ್ತೇನಿ.

ತುಳಿ, ತುಳಿ. ಮಷಿನ್ ತುಳಕೋತನ ಕೇಳು, ಗೊಲ್ಲಾಳಾ. ನನಗೇನೂ ತ್ರಾಸಿಲ್ಲ. ಸೊಲ್ಲಾಪುರದ ಗಿರಣ್ಯಾಗ ಎಂಟು ತಿಂಗಳು ದುಡದಾಂವ ನಾ. ಅಲ್ಲಿ ಮುನ್ನೂರು ಮಗ್ಗ ಒಮ್ಮೆಲೇ ಬಡಿತಿದ್ದುವು. ಅವುಗಳ ನಡುವ ನಿಂತು ಮುಕಾದಮನ ಜೋಡಿ ಜಗಳಾ ತಗದು, ಅವಗ ಕೇಳೂ ಹಂಗ ಬೈದು ಬಂದೇನಿ. ನಿನ್ನ ಈ ಹೊಲಿಗಿ ಮಷಿನ್ ಟರ್ ಟರ್ ಅಂದರ ನನ್ನ ಮಾತು ನಿಲ್ಲೂದಿಲ್ಲ.

ಮೊದಲ ಈ ಅರಿವಿ ಇಟಕೋ. ಖಾಕಿ. ಎರಡು ಅಂಗಿ, ಎರಡು ಪ್ಯಾಂಟು. ಹೂಂ! ಡಿಪೋದ ಕಾರಕೂನ ಹೇಳ್ಯಾನ, "ಮರೆಪ್ಪಾ, ಬದಲಿ ಕಂಡಕ್ಟರ ಅಂತ ಅಡ್ಯಾಡಿದ್ದು ಸಾಕು, ಒಂದನೇ ತಾರೀಖಿಗೆ ನಿನ್ನ ನೌಕರಿ ಕಾಯಂ" ಅಂತ. ಯಾಕ ನಗತಿ? ನಗು, ನಗು. ಮೂರನೇ ಇಯತ್ತೆಗೆ ಸಾಲಿ ಬಿಟ್ಟಾಂವ, ಸೊಲ್ಲಾಪುರದಾಗ ನಿಲ್ಲಲಿಲ್ಲ, ಮೀರಜಿನ ಹೋಟೆಲಿನ್ಯಾಗ ನಿಲ್ಲಲಿಲ್ಲ, ಲಾರಿ ಕ್ಲೀನರ ಆದೆ, ಅಲ್ಲೂ ನಿಲ್ಲಲಿಲ್ಲ. ನಮ್ಮವ್ವ ಪರಸವ್ವ ಓಣಿ ತುಂಬ ಹೇಳಕೋತ ಅಡ್ಯಾಡತಿದ್ದಳು, "ನನ್ನ ಮಗನ ಕಾಲಾಗ ಗಾಲಿ ಅದಾವ" ಅಂತ. ಈಗ ಗಾಲಿ ಮ್ಯಾಲೇ ನೌಕರಿ ಸಿಕ್ಕೇತಿ, ಆಕಿನೂ ಸುಮ್ಮನಾಗ್ಯಾಳ.

ಅಳತಿ ಆಮ್ಯಾಲ ತಗೋ. ಮೊದಲ ಐದು ಗಂಟೇದ ಮಾತು ಮುಗಸೂಣು.

ಐದಕ್ಕ ಹಣಮಂತ ದೇವರ ಗುಡಿ ಕಟ್ಟಿ ಮ್ಯಾಲ ಬೈಠಕ್ಕ ಐತಿ. ನಮ್ಮ ಬಬಲೇಶ್ವರ ಟೀಮಿನ ಹಿರ್ಯಾರು ಗುರುಪಾದಯ್ಯನವರು ಬರತಾರ. ಆ ಕಡಿಂದ ಶಾಂತಪ್ಪ ಬರತಾನ, ಮ್ಯಾಚಿನ್ಯಾಗ ನಮ್ಮೂರ ಪರವಾಗಿ ಕೂಗೂ ಮಂದಿಗೆಲ್ಲಾ ಅವನ ಹಿರ್ಯಾ. ಅಯ್ಯನವರು ಅಂತಾರ, "ಕುಂಡ್ರೂ ಬಾಕು ಮುರದಾವರು, ಕಲ್ಲು ಒಗದಾವರು ಶಾಂತಪ್ಪನ ಮಂದಿ. ಊರ ಮರ್ಯಾದಿ ಕಳದಾರ. ಇನ್ನ ಮ್ಯಾಲ ಅವರು ಮ್ಯಾಚಿಗೆ ಬರಕೂಡದು." ಶಾಂತಪ್ಪ ಅಂತಾನ, "ಬಾಕು ಯಾಕ ಮುರದ್ವಿ? ಗೋಲಕೀಪರ ಬೇಕಂತನ ಗೋಲು ಬಿಟ್ಟಾನ, ಅದಕ್ಕ ಮುರದ್ವಿ. ಮೊದಲ ಅವನ್ನ ಟೀಮಿನಿಂದ ತಗೀರಿ." ನೋಡಿದೆಲ್ಲ? ಮುರದದ್ದು ಬಾಕು, ಮುರಿಯೂದು ನಿನ್ನ ಹೆಸರು.

ಅವನ ಬಾಯಿ ಹಿಡಿಯೂದು ಹ್ಯಾಂಗ? ತಿಕೋಟಾದ ಭಾಗಪ್ಪನ ಮಗಳು ಸೀತವ್ವನ ಜೋಡಿ ನಿನ್ನ ಲಗ್ನ ನಿಶ್ಚಯ ಆಗೇತಿ, ಸಕ್ಕರಿ ಹಂಚಿ ಆಗೇತಿ. ಎದುರಿಗೆ ಆಡಿದಾವರೂ ತಿಕೋಟಾದವರ. "ಬೀಗರಿಗೆ ಸೀರಿ-ಕುಪ್ಪಸ ಒಯ್ಯೂ ಬದಲಿ ಗೋಲು ಒಯ್ದಾನ" ಅಂತಾನ ಶಾಂತಪ್ಪ. ಚಾದಂಗಡ್ಯಾಗ ಅಂದ. ನಾನೂ ನಕ್ಕೆ, ಸುಳ್ಳ್ಯಾಕ ಹೇಳಲಿ. ಆಮ್ಯಾಲ ನಗೂದು ನಿಲ್ಲಿಸಿದೆ. ಮೊದಲಿಗೆ ನಿಲ್ಲಿಸಿದಾಂವ ನಾನ.

ಇನ್ನ ನಿಮ್ಮ ಮಾವ! ತಿಕೋಟಾ ಗೆದ್ದ ಐತವಾರ ಕಪ್ಪಿನ ಮೆರವಣಿಗ್ಯಾಗ ಟಾವೆಲ್ ತಿರುವಿ ಕುಣದಾನ. ಸೋಮವಾರ ಬೆಳಗಾಗೂದರಾಗ ಅವಗ ನೀತಿ ನೆನಪಾಗೇತಿ. "ತನ್ನ ಊರಿಗೇ ಮೋಸ ಮಾಡಿದಾಂವ ನನ್ನ ಮಗಳನ್ನ ಬಾಳಸ್ತಾನೇನು?" ಅಂತ ಕೇಳ್ಯಾನಂತ. ನಾಕರ ಬಸ್ಸಿಗೆ ಬರಾಕತ್ತಾನ. ಕಟ್ಟಿ ಮ್ಯಾಲ ಕುಂತು ಕಿವಿಯಾರೆ ಕೇಳಿ, ನೀ ಮೋಸಗಾರ ಅಂತ ಊರಾಗ ಠರಾವಾದರ ಅಲ್ಲೇ ಸಂಬಂಧ ಮುರದು ಹೋಗ್ತಾನ. ಸೀತವ್ವ ಏನಂತಾಳೋ ಯಾರಿಗೆ ಗೊತ್ತು? ಆಕಿನ್ನ ಯಾರೂ ಕೇಳಿಲ್ಲ…

ಏ, ಸಾವಕಾಶ! ಅಷ್ಟು ಜೋರ ತುಳದರ ಸೂಜಿ ಮುರದೀತು.

ಅದಕ್ಕ ನಾ ಒಂದು ಹಾದಿ ತಗದೇನಿ. ಭಾಳ ಸರಳ. ಐದಕ್ಕ ಕಟ್ಟಿ ಮುಂದ ನಿಂತು ಕೈ ಮುಗದು, "ಯಪ್ಪಗೋಳಿರಾ, ಬಿಸಲು ಕಣ್ಣಿಗೆ ಬಡೀತು, ಚೆಂಡು ಕಾಣಲಿಲ್ಲ" ಅನ್ನು. ಮುಗೀತು! ಹೊತ್ತು ಮುಣಗೂ ಕಡೆ ಮಾರಿ ಮಾಡಿನ ನಿಂತಿದ್ದಿ ನೀ. ಬಿಸಲಿತ್ತು, ಅದು ಖರೇನ. ಬಿಸಲು ಬಬಲೇಶ್ವರದ್ದೂ ಅಲ್ಲ, ತಿಕೋಟಾದ್ದೂ ಅಲ್ಲ. ಸೂರ್ಯನ್ನ ಬೈಠಕ್ಕಿಗೆ ಕರಸಾಕ ಶಾಂತಪ್ಪನ ಕೈಲೆ ಆಗೂದಿಲ್ಲ. ಅಯ್ಯನವರು "ಹೋಗಲಿ ಬಿಡ್ರಿ" ಅಂತಾರ. ಭಾಗಪ್ಪ ಚಾ ಕುಡದು ಹೋಗ್ತಾನ.

ತಲಿ ಯಾಕ ಅಲ್ಲಾಡಸ್ತಿ?

ಮತ್ತ ಅದನ್ನ ಅಂತಿ ಏನು? "ಸೀಟಿ ಕೇಳಿಸಿತು"? ಎಂಟು ದಿನದಿಂದ ಅದೊಂದ ಹಿಡಕೊಂಡು ಕುಂತೀ ಮಾರಾಯಾ! ಸೀಟಿ ಕೇಳಿಸಿತು, ಆಟ ನಿಂತಿತು ಅಂತ ತಿಳಕೊಂಡೆ, ಅದಕ್ಕ ಕೈ ಬಿಟ್ಟೆ. ಕೇಳಾಕ ಚಲೋ ಐತಿ. ಆದರ ಯಾರದು ಸೀಟಿ? ಆಟ ನಡಸಿದ ಡ್ರಿಲ್ ಮಾಸ್ತರರು ದೇವರ ಮ್ಯಾಲ ಆಣಿ ಮಾಡ್ಯಾರ, "ನಾ ಊದಿಲ್ಲ" ಅಂತ. ಇಡೀ ಬೈಲಿನ್ಯಾಗ ಅವರ ಕಡೆ ಬಿಟ್ಟರ ಮತ್ತೊಂದು ಸೀಟಿನ ಇದ್ದಿಲ್ಲ.

ನನ್ನ ಸೀಟಿ? ನನ್ನ ಸೀಟಿ ಡಿಪೋದಾಗ ಇತ್ತಪ್ಪಾ. ರಜಾ ದಿನಾ ತಿಕೀಟಿನ ಪೆಟಗಿ, ಚೀಲ, ಸೀಟಿ, ಎಲ್ಲಾ ಒಪ್ಪಿಸಿ ಬರಬೇಕು. ಕಾಯದೇ ಐತಿ. ಹೊರಗ ಒಯ್ದದ್ದು ಗೊತ್ತಾತಂದರ ಬದಲಿ ಕಂಡಕ್ಟರನ ಹೆಸರು ಪಟ್ಟಿಂದ ಹೊಡದ ಹಾಕತಾರ, ಕಾಯಂ ಮಾಡೂದು ದೂರ ಉಳೀತು. ಹಂತಾದ್ದರಾಗ ಯಾವಾಂವ ಒಯ್ತಾನ? ಅಯ್ಯನವರೂ ಇದನ್ನ ಕೇಳಿದ್ದರು, ಇದನ್ನ ಹೇಳಿದೆ. "ಹೌದು, ಕಾಯದೇ ಐತಿ" ಅಂದರು. ಬಿಟ್ಟರು.

ಆವತ್ತಿನ ಗದ್ದಲದಾಗ ಸೀಟಿ ಅಲ್ಲ, ತೋಪು ಹಾರಿಸಿದರೂ ಕೇಳತಿರಲಿಲ್ಲ. ನೀ ಬೈಲ ಕಡೆ ಮಾರಿ ಮಾಡಿ ನಿಂತಿದ್ದಿ, ಹಿಂದಿನ ತಮಾಷಾ ನೋಡೀಯೇನು? ನಾ ನೋಡೇನಿ. ಅಯ್ಯನವರು ನನ್ನ ಎದಿಗೆ ಕೆಂಪು ರಿಬ್ಬನ್ ಚುಚ್ಚಿ, "ಮರೆಪ್ಪಾ, ದಿನಾ ಎಂಬತ್ತು ಮಂದೀನ ಒಂದು ಬಸ್ಸಿನ್ಯಾಗ ಕುಂಡ್ರಸ್ತಿ. ನಮ್ಮ ನಾನೂರು ಮಂದೀನ ಒಂದು ಹಗ್ಗದ ಹಿಂದ ನಿಂದ್ರಸೂದು ನಿನಗೇನ ದೊಡ್ಡ ಮಾತಲ್ಲ" ಅಂದರು. ದೊಡ್ಡ ಮಾತ ಆತು. ತಿಕೋಟಾದ ಮಂದಿ ಎಣ್ಣಿ ಡಬ್ಬಿ ಬಡಕೋತ ಒಂದ ಸಮನ ಶುರು ಮಾಡಿದರು, "ಅಳ್ಯಾ ಬಂದಾನ, ಬಾಗಲಾ ತಗೀರಿ! ಅಳ್ಯಾ ಬಂದಾನ, ಬಾಗಲಾ ತಗೀರಿ!" ಚೆಂಡು ನಿನ್ನ ಹಂತೇಕ ಬಂದಾಗೊಮ್ಮೆ ಇದನ್ನ. ಶಾಂತಪ್ಪನ ಮಂದಿ ಮೊದಲು ಬೈದರು. ಆಮ್ಯಾಲ ಅವರ ಅವ್ವಂದಿರನ್ನ ಹಿಡದು ಬೈದರು. ನಾ ನಡುವ ಹೋಗಿ, "ಲೇ, ಮರ್ಯಾದಿಯಿಂದ ಬೈರಲೇ, ಹೆಣ್ಣಮಕ್ಕಳೂ ಬಂದಾರ" ಅಂದೆ. ಶಾಂತಪ್ಪ ನನ್ನ ರಿಬ್ಬನ್ ಹಿಡದು ಜಗ್ಗಿ, "ನೀ ತಿಕೀಟ ಹರಿ ಹೋಗಲೇ" ಅಂದ. ಬ್ಯಾಸರಾತು. ಆದರೂ ನಿಂತೆ.

ಕಡೇ ಹತ್ತು ನಿಮಿಷ ಉಳದಿತ್ತು. ತಿಕೋಟಾದಾಂವ ಒಬ್ಬ ಹಗ್ಗ ದಾಟಿ ನಿನ್ನ ಗೋಲಿನ ಹಿಂದನ ಬಂದು, ಸೊಂಟಾ ಬಳಕಸಿ ಮದಲಗಿತ್ತಿ ಹಂಗ ಕುಣದ. ಶಾಂತಪ್ಪ ಕೈಯಾಗ ಬಡಿಗಿ ಹಿಡದು ಎದ್ದ. ಅವನ ಹಿಂದ ಐವತ್ತು ಮಂದಿ ಎದ್ದರು. ಹಗ್ಗ ಜಗ್ಗಿತು, ಗೂಟಾ ಕಿತ್ತಿತು. ಕುಣದಾಂವನ ತಲಿ ಒಡದ ಹೋಗತಿತ್ತು, ಸುಳ್ಳಲ್ಲ! ನನ್ನ ಮಾತು ಯಾರು ಕೇಳತಾರ? ಬಸ್ಸಿನ್ಯಾಗಾದರ ಬ್ಯಾರೆ. ಎಷ್ಟ ಗದ್ದಲಿದ್ದರೂ…

ಇರಲಿ. ಹೇಳೂದೇನಂದರ, ಹಂತಾ ಗದ್ದಲದಾಗ ಕಿವಿ ನಂಬಬಾರದು. ಮತ್ತ ಕೇಳಿಸಿತು ಅಂತನ ಇಟಕೋ, ನಿನ್ನಂಥಾ ಹಳೇ ಆಟಗಾರಗ ಅದು ಆಟದ ಸೀಟಿ ಅಲ್ಲ ಅಂತ ತಿಳೀಬಾರದೇನು? ಡ್ರಿಲ್ ಮಾಸ್ತರರು ಊದಿದರ ಪಿರ್ ಅಂತ ಗಿಡ್ಡ, ಕಾಳು ಹುರದಂಗ. ಇದು ಒಂದ, ಉದ್ದಾಕ, ಉಸರು ಮುಗಿಯೂ ತನಕ. ಹಂಗ ಯಾ ಮಾಸ್ತರ ಊದತಾನ? ನೀನ ಹೇಳು.

…ಯಾಕ ನಿಂದ್ರಿಸಿದಿ?

ದಾರ ಹರೀತೇನು? ಇಲ್ಲಲ್ಲ… ದಾರ ಐತಿ. ತುಳಿ. ತುಳಿಯೋ.

ಹಂಗ ನೋಡಬ್ಯಾಡ. ಉದ್ದಾಕ ಅಂತ ನೀನ ಹೇಳಿದ್ದೆಲ್ಲ, ಅಯ್ಯನವರ ಮುಂದ? "ಸೀಟಿ" ಅಂದಿ, ಅಷ್ಟೇನು? ಹಂಗಾರ ಶಾಂತಪ್ಪನ ಬಾಯಿಂದ ಕೇಳಿರಬೇಕು ನಾ. ಅವ ಸೀಟಿನ ಇದ್ದಿಲ್ಲ ಅಂತಾನ… ಹೌದು. ಇಲ್ಲದ್ದಕ್ಕ ಉದ್ದ ಗಿಡ್ಡ ಎಲ್ಲಿಂದ ಹೇಳ್ಯಾನು?

ಮಷಿನ್ ತುಳಿಯೋ ಮಾರಾಯಾ. ಈ ಅಂಗಡಿ ಇಷ್ಟು ಸುಮ್ಮನಿದ್ದದ್ದು ನಾ ಯಾವತ್ತೂ ನೋಡಿಲ್ಲ.

…ಆತು. ಆತು! ಶನಿವಾರ ಕಡೇ ಟ್ರಿಪ್ ಮುಗಿಸಿ ಪೆಟಗಿ ಒಪ್ಪಿಸಿದೆ, ಚೀಲ ಒಪ್ಪಿಸಿದೆ. ಸೀಟಿ ಕೊರಳಾಗ ಉಳೀತು, ಅಂಗಿ ಒಳಗ. ಕಾರಕೂನ ಕೇಳಲಿಲ್ಲ, ನಾ ಹೇಳಲಿಲ್ಲ. ಬೇಕಂತ ತಂದಿದ್ದಿಲ್ಲ. ಬೇಕಂತ… ತಂದರೂ ತಂದಿರಬೇಕು, ಮ್ಯಾಚಿನ್ಯಾಗ ಕೊರಳಾಗ ಇದ್ದರ ಒಂಥರಾ ಸಾಹೇಬಿಕಿ ಅನಸ್ತೈತಿ.

ಶಾಂತಪ್ಪ ಬಡಿಗಿ ಎತ್ತಿದ. ಅಷ್ಟ ನನಗ ಕಂಡದ್ದು. ಕೈ ತಾನ ಕೊರಳಿಗೆ ಹೋತು. ಬಸ್ಸಿನ್ಯಾಗ ಯಾರರೆ ಫುಟ್‌ಬೋರ್ಡಿನಿಂದ ಜಾರಿದರ ನಾ ವಿಚಾರ ಮಾಡ್ಕೋತ ಕುಂಡ್ರತೇನೇನು? ಎರಡು ಸಣ್ಣವು ಅಂದರ ಹೊಂಡು, ಒಂದು ಉದ್ದಂದು ಅಂದರ ನಿಲ್ಲು. ಉದ್ದಂದು ಊದಿದೆ. ಶಾಂತಪ್ಪಗ ನಿಲ್ಲು ಅಂತ ಊದಿದೆ, ಗೊಲ್ಲಾಳಾ! ಅವ ನಿಲ್ಲಲಿಲ್ಲ. ನೀ ನಿಂತಿ.

ಎರಡು ಸಾವಿರ ಮಂದ್ಯಾಗ ನನ್ನ ಸೀಟಿಗೆ ಮರ್ಯಾದಿ ಕೊಟ್ಟಾಂವ ನೀ ಒಬ್ಬಾಂವ.

ಬೈಯೋ. ಎದ್ದು ಕಪಾಳಕ್ಕರೆ ಹೊಡಿ. ಮೂರು ಸಲ ಬಾಗಲ ತನಕ ಬಂದು ಹೊಳ್ಳಿ ಹೋಗೇನಿ ಈ ಎಂಟು ದಿನದಾಗ. ಕಾಯಂ ಆದ ಮ್ಯಾಲ ಹೇಳೂಣು ಅಂದುಕೊಂಡೆ. ಒಂದನೇ ತಾರೀಖಿನ ತನಕ ಯಾರರೆ ಏನರೆ ಅಂದುಕೊಳ್ಳಲಿ, ಆಮ್ಯಾಲ ಹೇಳೂಣು ಅಂತ. ಭಾಗಪ್ಪ ಇವತ್ತ ಬರತಾನ ಅಂತ ನಿನ್ನಿ ಗೊತ್ತಾತು, ಅದಕ್ಕ ಬಿಸಲಿನ ಮಾತು ಹುಡುಕಿದೆ. ಖರೆ ಹೇಳು, ಬಿಸಲಿನ ಮಾತು ಚಲೋ ಇತ್ತಲ್ಲ?

ಹಂಗ ನೋಡಬ್ಯಾಡ ಅಂದೆ. ಸಿಟ್ಟರೆ ಬರಲಿ ನಿನಗ! ಗಾಬರಿಯರೆ ಆಗಲಿ! ಏನೂ ಇಲ್ಲ, ಹೊಸಾ ಮಾತು ಕೇಳಿದಾವರ ಮಾರಿ ಹಿಂಗಿರೂದಿಲ್ಲ…

ನಿನಗ ಗೊತ್ತಿತ್ತು.

ಗೋಲು ಆದ ಮ್ಯಾಲ ನೀ ತಿರುಗಿ ನಿಂತಿ. ಚೆಂಡು ತಗೋಳ್ಳಾಕ ತಿರಗಿದಿ ಅಂದುಕೊಂಡೆ ನಾ. ಚೆಂಡು ನೋಡಲಿಲ್ಲ ನೀ, ನನ್ನ ಕಡೆ ನೋಡಿದಿ. ವಾರಕ್ಕೊಮ್ಮೆ ದಾರ ತರಾಕ ನನ್ನ ಬಸ್ಸಿನ್ಯಾಗ ಬರಾಂವ, ಆ ಸೀಟಿ ನಿನಗ ಗುರುತಿರದ ಇರತೈತೇನು? ಅಂದಿನಿಂದ ಗೊತ್ತಿತ್ತು. ಅಯ್ಯನವರ ಮುಂದ ಗೊತ್ತಿತ್ತು, ಶಾಂತಪ್ಪ ಮೋಸಗಾರ ಅಂದಾಗ ಗೊತ್ತಿತ್ತು, ಮಾವ ಸಂಬಂಧ ಬ್ಯಾಡ ಅಂತ ಹೇಳಿ ಕಳಿಸಿದಾಗ ಗೊತ್ತಿತ್ತು. "ಸೀಟಿ" ಅಂದಿ. ಯಾರದು ಅನ್ನಲಿಲ್ಲ.

ಯಾಕ ಅನ್ನಲಿಲ್ಲ? …ನನ್ನ ಕಾಯಂ ಸಲುವಾಗಿ? …ಇಲ್ಲಾ, ನಾನ ಬಂದು ಹೇಳತೇನಿ ಅಂತ ದಾರಿ ನೋಡಿದೇನು?

ಅದನ್ನೂ ಹೇಳೂದಿಲ್ಲ ನೀ. ಬ್ಯಾಡ ಬಿಡು.

ಗಂಟೆ ಎಷ್ಟು? ನಾಕರ ಬಸ್ಸು ಬಂದ ಹಾರ್ನ್ ಆತು ಆಗಲೇ. ಈ ಅರಿವಿ ಕತ್ತರಸಬ್ಯಾಡ, ಹಂಗ ಮಡಚಿ ಇಡು. ನೀ ಈಗ ನನ್ನ ಜೋಡಿ ಬರಬ್ಯಾಡ, "ಎಳಕೊಂಡ ಬಂದು ಹೇಳಿಸ್ಯಾನ" ಅಂತಾನ ಶಾಂತಪ್ಪ. ನಾ ಒಬ್ಬಾಂವನ ಹೋಗಿ ಕಟ್ಟಿ ಮುಂದ ನಿಂತು, ಅಯ್ಯನವರ ಮುಂದ, ನಿಮ್ಮ ಮಾವನ ಮುಂದ… ಹೇಳತೇನಿ. ಹೇಳತೇನೀಗ.

ಏನು, ಎದ್ದು ಬಾಗಲಕ್ಕ ಬಂದು ನಿಂತಿ? ಓಡಿ ಹೋಗ್ತೇನಿ ಅಂತೇನು? ನಿಂದೂ ತಪ್ಪಲ್ಲ. ಸೊಲ್ಲಾಪುರದಿಂದ ಓಡೇನಿ, ಮೀರಜಿನಿಂದ ಓಡೇನಿ, ನಿನಗೆಲ್ಲಾ ಗೊತ್ತೈತಿ. ಸರಿ, ದಾರಿ ಬಿಡು. ನಿಮ್ಮ ಅಂಗಡಿ ಮುಂದ ರಸ್ತೆ ಒಡದು ಎರಡಾಗೇತಿ ನೋಡು, ಎಡಕ್ಕ ಬಸ್ ಸ್ಟ್ಯಾಂಡು, ಬಲಕ್ಕ ಗುಡಿ. ಇಲ್ಲೇ ಹೊಸತಿಲ ಮ್ಯಾಲ ನಿಂತು ನೋಡು. ಬಲಕ್ಕ ತಿರಗಿದೆ ಅಂದರ ಒಳಗ ಹೋಗಿ ಮಷಿನ್ ತುಳಿ.

ಎಡಕ್ಕ ತಿರಗಿದೆ ಅಂದರ… ಆಗರೆ ಕೂಗೋ, ಗೊಲ್ಲಾಳಾ. ನನ್ನ ಹೆಸರು ಹಿಡದು, ಊರಿಗೆಲ್ಲಾ ಕೇಳೂ ಹಂಗ ಕೂಗು.