ಮೂರೆಕರೆ ಸೂರ್ಯಕಾಂತಿ ಜೊಳ್ಳಾದ ವಿಚಾರ

ಅಧ್ಯಕ್ಷತೆ ವಹಿಸಿರುವ ನಮ್ಮ ಸೊಸೈಟಿಯ ಗೋವಿಂದಯ್ಯನವರೇ, ರೇಡಿಯೋದಲ್ಲಿ ನೂರು ಭಾಷಣ ಮುಗಿಸಿ ಇಂದು ನಮ್ಮ ಸನ್ಮಾನಕ್ಕೆ ಒಪ್ಪಿ ಬಂದಿರುವ ವಿಶ್ವವಿದ್ಯಾನಿಲಯದ ಡಾಕ್ಟರ್ ಶಿವರಂಜಿನಿ ಮೇಡಂ ಅವರೇ, ತೆರಕಣಾಂಬಿಯಿಂದಲೂ ಹಂಗಳದಿಂದಲೂ ಬಸ್ಸು ಹಿಡಿದು ಬಂದು ಗುಂಡ್ಲುಪೇಟೆಯ ಈ ಸಭಾಂಗಣ ತುಂಬಿಸಿರುವ ರೈತ ಬಂಧುಗಳೇ, ತಾಯಂದಿರೇ, ಸಭಿಕರೇ,

ನಾನು ಹಂಗಳದ ಚಿಕ್ಕಮಲ್ಲಪ್ಪ. ಮೇಡಂ ಅವರ ಬಗ್ಗೆ ಐದು ನಿಮಿಷ ಮಾತಾಡು ಅಂತ ಅಪ್ಪಣೆಯಾಗಿದೆ. ನನ್ನ ಮಗಳು ಕಾವ್ಯಶ್ರೀ ಎರಡು ಹಾಳೆ ಬರೆದುಕೊಟ್ಟಿದ್ದಾಳೆ. ಅದರಲ್ಲಿ ‘ಜ್ಞಾನದೀವಿಗೆ’ ಅನ್ನುವ ಮಾತು ನಾಲ್ಕು ಸಲ ಬಂದಿದೆ. ಅದು ಜೇಬಿನಲ್ಲೇ ಇರಲಿ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಸಭಿಕರೇ, ಜೇನುಹುಳ ಸೂರ್ಯಕಾಂತಿಯ ಸತ್ವ ಹೀರಿಬಿಡುತ್ತೆ, ಕಾಳಿನಲ್ಲಿ ಎಣ್ಣೆ ಉಳಿಯಲ್ಲ ಅಂತ ನಾವೆಲ್ಲ ನಂಬಿದ್ದೆವೋ ಇಲ್ಲವೋ? ಹೊಲದ ಬದುವಿನಲ್ಲಿ ನಿಂತು ತಗಡು ಬಡಿದು ಓಡಿಸಿದ್ದೆವೋ ಇಲ್ಲವೋ? ನಗಬೇಡಿ, ಮುಂದಿನ ಸಾಲಿನಲ್ಲಿ ಕೂತವರೂ ಬಡಿದಿದ್ದೀರಿ. ತೊಂಬತ್ತಮೂರರಲ್ಲಿ ನಾನು ಎಲ್ಲರಿಗಿಂತ ಒಂದು ಕೈ ಹೆಚ್ಚಾಗಿ ಮಾಡಿದೆ. ಹೊಲದ ಪಕ್ಕದ ಆಲದಮರದಲ್ಲಿ ಒಂಬತ್ತು ಹೆಜ್ಜೇನು ಕಟ್ಟಿದ್ದವು. ಒಂಬತ್ತಕ್ಕೂ ಹೊಗೆ ಹಾಕಿಸಿದೆ. ಸಾಲದ್ದಕ್ಕೆ ದಿನ ಬಿಟ್ಟು ದಿನ ಬೆಳಿಗ್ಗೆ ಔಷಧಿ ಹೊಡೆಸಿದೆ. “ಅವು ಉಣ್ಣಕ್ಕೆ ಬಂದಿರೋವು, ಉಣ್ಲಿ ಬುಡಿ,” ಅಂತ ನಮ್ಮ ಮನೆಯಾಕೆ ಕರಿಬಸಮ್ಮ ಹೇಳಿದಳು. ಮನೆಯವರ ಮಾತು ಕೇಳುವ ಗಂಡಸು ನಮ್ಮೂರಲ್ಲಿ ಇನ್ನೂ ಹುಟ್ಟಿರಲಿಲ್ಲ.

ಹೂವೇನೋ ಊಟದ ತಟ್ಟೆಯಷ್ಟು ಅಗಲ ಬಿಟ್ಟವು. ಕಟಾವು ಮಾಡಿ ಬಡಿದು ನೋಡಿದರೆ ಮೂರೆಕರೆಯೂ ಜೊಳ್ಳು.

ಆಮೇಲೆ ನಡೆದದ್ದನ್ನು ಆಮೇಲೆ ಹೇಳುತ್ತೇನೆ. ಮೊದಲು ಮೇಡಂ ಅವರ ವಿಚಾರ.

ಮಾರನೇ ವರ್ಷ ಈ ಮೇಡಂ ನಮ್ಮ ಹೊಲಕ್ಕೆ ಬಂದರು. ಸೊಳ್ಳೆಪರದೆ ಬಟ್ಟೆಯಲ್ಲಿ ಹೊಲಿದ ಚೀಲಗಳು ಕೈಯಲ್ಲಿ. ಮೊಗ್ಗು ಬಿರಿಯುವ ಮೊದಲೇ ಇಪ್ಪತ್ತು ಹೂವಿಗೆ ಚೀಲ ಕಟ್ಟಿದರು. “ಇವನ್ನು ಜೇನು ಮುಟ್ಟದ ಹಾಗೆ ಮಾಡಿದ್ದೇನೆ, ಉಳಿದವಕ್ಕೆ ಬರಲಿ ಬಿಡಿ, ಕೊನೆಗೆ ಇಬ್ಬರೂ ನೋಡೋಣ,” ಅಂದರು. ನೋಡೋಣ ಅಂದರು! ಅಷ್ಟು ಓದಿದವರು ನನ್ನನ್ನೂ ಸೇರಿಸಿಕೊಂಡು ಅಂದರು. ಕಟಾವಿನ ದಿನ ನನ್ನ ಕೈಯಿಂದಲೇ ಚೀಲ ಬಿಚ್ಚಿಸಿದರು. ಒಳಗಿದ್ದ ಹೂವನ್ನು ಉಜ್ಜಿದೆ, ಬರೀ ಹೊಟ್ಟು. ಪಕ್ಕದ ಹೂವನ್ನು ಉಜ್ಜಿದೆ, ಕರ್ರಗೆ ಗಟ್ಟಿ ಕಾಳು ಅಂಗೈ ತುಂಬ ಬಂತು. ಅದೇ ಮಣ್ಣು, ಅದೇ ಗೊಬ್ಬರ. ಐವತ್ತೆಂಟು ವರ್ಷ ಬೇಸಾಯದ ಮನೆಯಲ್ಲಿ ಬೆಳೆದವನು ನಾನು. ಒಂದು ಕಾಳು ಗಟ್ಟಿಯಾಗಬೇಕಾದರೆ ಎಲ್ಲಿಂದಲೋ ಒಂದು ಹುಳ ಬಂದು ಕೂತು ಹೋಗಬೇಕು ಅಂತ ಗೊತ್ತಿಲ್ಲದೆ ಇಷ್ಟು ದಿನ ಉಂಡಿದ್ದೆನಲ್ಲ!

ಇದನ್ನೆಲ್ಲ ಮೇಡಂ ಮುಂದಿನ ಹೂವಿನ ಕಾಲಕ್ಕೆ ರೇಡಿಯೋದಲ್ಲಿ ಹೇಳಿದರು. ಹೇಳುವಾಗ, ಬೆಳಿಗ್ಗೆ ಹತ್ತರೊಳಗೆ ಔಷಧಿ ಹೊಡೆದರೆ ಜೇನಿಗೆ ತೊಂದರೆಯಿಲ್ಲ ಅಂತಲೂ ಅಂದರು. ಮುಂದಿನ ವಾರ ಅದೇ ಹೊತ್ತಿಗೆ ರೇಡಿಯೋ ಹಾಕಿದೆ. ಮೊದಲ ಮಾತೇ ಇದು: “ಕಳೆದ ವಾರ ನಾನು ತಪ್ಪು ಹೇಳಿದೆ. ಹಂಗಳದ ಹೊಲದಲ್ಲಿ ಮತ್ತೆ ಕೂತು ನೋಡಿದೆ. ಅಲ್ಲಿ ಎಂಟು ಗಂಟೆಗೇ ಜೇನು ಬರುತ್ತೆ. ದಯವಿಟ್ಟು ಸಂಜೆ ಹೊಡೆಯಿರಿ. ತಪ್ಪು ನನ್ನದು.”

ಸಭಿಕರೇ, ಶಾನುಭೋಗರನ್ನು ಕಂಡಿದ್ದೇನೆ, ಅಮಲ್ದಾರರನ್ನು ಕಂಡಿದ್ದೇನೆ, ವೋಟು ಕೇಳಲು ಬಂದವರನ್ನು ಕಂಡಿದ್ದೇನೆ. ತಪ್ಪು ನನ್ನದು ಅಂತ ಇಡೀ ಮೈಸೂರು ಜಿಲ್ಲೆಗೆ ಕೇಳುವ ಹಾಗೆ ಹೇಳಿದವರನ್ನು ಕಂಡಿರಲಿಲ್ಲ. ದೇವರ ಮುಂದೆ ನಿಂತಾಗಲೂ ನನಗೆ ಅಷ್ಟು ಭಯಭಕ್ತಿ ಬಂದದ್ದಿಲ್ಲ. ಕರಿಬಸಮ್ಮ ಕಡ್ಲೆ ಬಿಡಿಸುತ್ತಿದ್ದವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಬಾಯಿಬಿಟ್ಟು ಏನಾದರೂ ಅಂದಿದ್ದರೆ ಜಗಳವಾಡಿ ತಪ್ಪಿಸಿಕೊಳ್ಳುತ್ತಿದ್ದೆ.

ಯಾಕೆ ನೋಡಿದಳು? ಆಮೇಲೆ ಹೇಳುತ್ತೇನೆ ಅಂದೆನಲ್ಲ, ಅದು ಇದೇ. ತೊಂಬತ್ತಮೂರರಲ್ಲಿ ಬೆಳೆ ಜೊಳ್ಳಾದಾಗ ನಾನು ಸುಮ್ಮನಿರಲಿಲ್ಲ. ನಮ್ಮ ಹೊಲದಲ್ಲಿ ಹನ್ನೊಂದು ವರ್ಷ ದುಡಿದ ಪುಟ್ಟಮಾದು ಗೊಬ್ಬರ ಕದ್ದು ಮಾರಿದ್ದಾನೆ, ಅದಕ್ಕೇ ಕಾಳು ಕಟ್ಟಲಿಲ್ಲ ಅಂದೆ. ಎಲ್ಲಿ ಅಂದೆ? ಸೊಸೈಟಿಯ ವಾರ್ಷಿಕ ಸಭೆಯಲ್ಲಿ, ಹೀಗೇ ಮೈಕಿನ ಮುಂದೆ ನಿಂತು ಅಂದೆ. ನಿಮ್ಮಲ್ಲಿ ಬಹಳ ಜನ ಕೇಳಿದ್ದೀರಿ. ಆಮೇಲೆ ಊರಲ್ಲಿ ಒಬ್ಬರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಹೆಂಡತಿ ಸುಂದ್ರಮ್ಮನನ್ನು ಹಂಗಳದಲ್ಲೇ ಬಿಟ್ಟು ಕೇರಳದ ಬತ್ತೇರಿಯ ಕಾಫಿ ತೋಟಕ್ಕೆ ಕೂಲಿಗೆ ಹೋದ.

ಚೀಲ ಬಿಚ್ಚಿದ ದಿನವೇ ನನಗೆ ಗೊತ್ತಾಯಿತು, ಗೊಬ್ಬರದ್ದೇನೂ ತಪ್ಪಿಲ್ಲ ಅಂತ. ಸುಮ್ಮನಿದ್ದೆ. ರೇಡಿಯೋ ಕೇಳಿದ ಮೇಲೆ ಇರಲಾಗಲಿಲ್ಲ. ಪುಟ್ಟಮಾದು ಊರಿಗೆ ಬಂದಾಗ ಅವನ ಮನೆ ಹಿತ್ತಲಿಗೆ ಹೋದೆ, ಯಾರೂ ಇಲ್ಲದ ಹೊತ್ತು ನೋಡಿಕೊಂಡೇ ಹೋದೆ. ತಪ್ಪಾಯ್ತು ಕಣಪ್ಪ ಅಂದೆ. ಅವನು ಕೂರಲು ಮಣೆ ಕೊಟ್ಟ. ಆಮೇಲೆ ಅಂದ: “ಕಳ್ಳ ಅಂತ ಮೈಕಲ್ಲಿ ಕೂಗ್ಬುಟ್ರಿ ಬುದ್ಧಿ. ತಪ್ಪಾಯ್ತು ಅಂತ ಹಿತ್ಲಲ್ಲಿ ಯೋಳ್ತಿದ್ದೀರಿ. ನಾನು ಆಯ್ತು ಬುಡಿ ಅಂದ್ರೆ ನಿಮ್ಗೆ ನಿದ್ದೆ ಬತ್ತದೆ. ನಂಗೆ ಊರಲ್ಲಿ ಕೂಲಿ ಸಿಕ್ತದಾ?”

ಎದ್ದು ಬಂದೆ. ಹಾಗೆ ಬಂದು ಎರಡು ವರ್ಷವಾಯಿತು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಮುಗಿಸುತ್ತೇನೆ. ಪುಟ್ಟಮಾದು ಈ ಸಭೆಗೆ ಬಂದಿಲ್ಲ. ಬತ್ತೇರಿಯಲ್ಲಿದ್ದಾರೆ. ಆಕಾಶವಾಣಿಯವರು ಇಲ್ಲಿ ನನ್ನ ಕಾಲ ಬಳಿ ಕೂತು ಇದನ್ನೆಲ್ಲ ರೆಕಾರ್ಡು ಮಾಡುತ್ತಿದ್ದಾರೆ. ಗುರುವಾರ ಸಂಜೆ ಪ್ರಸಾರವಂತೆ. ಅರ್ಧ ಗಂಟೆಗೆ ಹಿಡಿಸಬೇಕು, ಕತ್ತರಿಸಲೇಬೇಕು ಅಂತ ಗೊತ್ತು. ಸ್ವಾಮಿ, ನನ್ನ ಹೊಗಳಿಕೆ ಕತ್ತರಿಸಿ. ನನ್ನ ತಮಾಷೆ ಕತ್ತರಿಸಿ. ಬೇಕಾದರೆ ನನ್ನ ಹೆಸರನ್ನೂ… ಇಲ್ಲ, ಹೆಸರು ಇರಲೇಬೇಕು. ಇಷ್ಟನ್ನು ಮಾತ್ರ ಬಿಡಬೇಡಿ: ಹಂಗಳದ ಚಿಕ್ಕಮಲ್ಲಪ್ಪನಾದ ನಾನು ಹೇಳಿದ್ದು ಸುಳ್ಳು. ಪುಟ್ಟಮಾದು ಅವರು ನನ್ನ ಹೊಲದಿಂದ ಒಂದು ಹಿಡಿ ಗೊಬ್ಬರವನ್ನೂ ಕದ್ದಿಲ್ಲ. ಬೆಳೆ ಕೆಡಿಸಿದವನು ನಾನು.

ಕೇಳಿಸಿಕೊಂಡ ನಿಮಗೆ, ಹೇಳುವುದನ್ನು ಕಲಿಸಿದ ಮೇಡಂ ಅವರಿಗೆ ಕೃತಜ್ಞತೆಗಳು. ಗುರುವಾರ ಸಂಜೆ ಯಾರಾದರೂ ಸುಂದ್ರಮ್ಮನವರ ಮನೆಗೆ ಒಂದು ರೇಡಿಯೋ ತೆಗೆದುಕೊಂಡು ಹೋಗಿ. ನಾನು ಹೋದರೆ ಬಾಗಿಲು ತೆಗೆಯಲಾರರು. ನಮಸ್ಕಾರ.