ಕಾಣಿಕೆಗೆ ಇಟ್ಟ ಕೈ

ಊರಿನ ಹೆಸರು ಕೇಳಬ್ಯಾಡ್ರಿ. ಹೇಳಿದೆ ಅಂದರ ಆ ಊರ ಮಂದಿ ನಾಳೆ ಬಂದು ನನ್ನ ಜೋಡಿ ಜಗಳಾ ತಗೀತಾರ. ಒಂದು ಊರಿತ್ತು, ಊರಾಗೊಂದು ಚರ್ಚಿತ್ತು, ಚರ್ಚಿನ ಮುಂದೊಂದು ಬೇವಿನ ಗಿಡ ಇತ್ತು, ಅಷ್ಟು ಸಾಕು. ಕಾಲು ಚಾಚಿ ಕುಂದರ್ರಿ, ಕಿವಿ ಈ ಕಡೆ ಕೊಡ್ರಿ. ನಡುವ ಎದ್ದು ಹೋಗೋರು ಈಗ ಹೋಗ್ರಿ.

ಆ ಊರಾಗ ಎಲೀಷಪ್ಪ ಅಂತ ಒಬ್ಬ ಇದ್ದ. ಎಲುಬು ಕೂಡಸಾಂವ. ಮುರಿದ ಕೈ, ಉಳುಕಿದ ಕಾಲು, ಜಾರಿದ ಭುಜ, ಏನೇ ಇರಲಿ, ಅಂವ ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಿದ ಅಂದರ ಎಲುಬು ತನ್ನ ಜಾಗಾಕ್ಕ ತಾನ ಹೋಗಿ ಕುಂದರತಿತ್ತು. ಯಾರ ಹತ್ರ ಕಲ್ತಿದ್ದ? ಯಾರ ಹತ್ರನೂ ಇಲ್ಲ. ಅವರಪ್ಪಗ ಬರ್ತಿತ್ತೇನು? ಅವರಪ್ಪಗ ಧೋತರದ ಗಂಟು ಹಾಕಾಕ ಬರ್ತಿರಲಿಲ್ಲ. ದೇವರು ಬಿಟ್ಟಿ ಕೊಟ್ಟ ಕೈ ಅವು. ಅವನ್ನ ಬಡವರಿಗೆ ಬಿಟ್ಟಿ ಬಳಸು ಅಂದರ ಮಾತ್ರ ಎಲೀಷಪ್ಪನ ಹೊಟ್ಟಿ ಉರೀತಿತ್ತು.

ಮೊದಮೊದಲು ಎಲ್ಲಾರಿಗೂ ಕಟ್ಟು ಕಟ್ಟತಿದ್ದ. ಆಮ್ಯಾಲೆ ಹೆಸರು ಬಂತು. ಹೆಸರಿನ ಹಿಂದ ದೊಡ್ಡ ಮಂದಿ ಬಂದರು. ದೊಡ್ಡ ಮಂದಿ ಬಂದ ಮ್ಯಾಲೆ, ಜಗಲಿ ಮ್ಯಾಲೆ ಕುಂತ ಬಡವರು ಕಣ್ಣಿಗೆ ಚುಚ್ಚಾಕ ಹತ್ತಿದರು. ಊರ ಸಾವುಕಾರ ಇಸಾಕಪ್ಪನ ಮನಿಗೆ ತಾನಾಗಿ ಹೋಗಿ, ಅವನ ಎತ್ತಿನ ಕಾಲಿಗೂ ಕಟ್ಟು ಕಟ್ಟಿ ಬರಾಂವ, ಅದೂ ಬಿಟ್ಟಿ. ಯಾಕಂತೀರಿ? ಇಸಾಕಪ್ಪ ಚರ್ಚಿಗೆ ಗಂಟಿ ಕೊಡಿಸ್ಯಾನ, ಅವನ ಎತ್ತಿನ ಸೇವಾ ಮಾಡಿದರ ದೇವರ ಸೇವಾ ಮಾಡಿದಂಗ ಅಂತಿದ್ದ. ಎತ್ತಿನೊಳಗ ದೇವರನ್ನ ಕಂಡ ಮನಶಾಗ ಕಲ್ಲಿನ ಖಣಿಯ ಕೂಲಿಯವರೊಳಗ ಮಾತ್ರ ದೇವರು ಕಾಣಲಿಲ್ಲ, ನೋಡ್ರಿ.

ಆ ಖಣಿಯಾಗ ಹನ್ನವ್ವ ಅನ್ನಾಕಿ ಜಲ್ಲಿ ಒಡೀತಿದ್ದಳು. ಗಂಡ ಇಲ್ಲ. ಎರಡು ಹೆಣ್ಣ ಹುಡುಗ್ರು, ಕಣ್ಣು ಕಾಣದ ಒಬ್ಬಾಕಿ ಅತ್ತಿ. ನಾಲ್ಕು ಹೊಟ್ಟಿ ತುಂಬೂದು ಅಕಿಯ ಒಂದು ಬಲಗೈಯಿಂದ. ಸುಗ್ಗಿ ಹಬ್ಬಕ್ಕ ಮೂರು ದಿನ ಐತಿ ಅನ್ನೂವಾಗ, ಕಲ್ಲು ಉರುಳಿ ಆ ಬಲಗೈಯ ಮಣಿಕಟ್ಟು ಮುರೀತು. ಮುರಿದ ಎಲುಬು ಯಾರೂ ಮುಟ್ಟದಿದ್ದರೂ ಕೂಡತೈತಿ. ಆದರ ಸೊಟ್ಟ ಕೂಡತೈತಿ. ಸೊಟ್ಟ ಕೂಡಿದ ಕೈಯಾಗ ಸುತ್ತಿಗಿ ನಿಂದರೂದಿಲ್ಲ. ಸುತ್ತಿಗಿ ನಿಂದರದಿದ್ದರ ಆ ನಾಲ್ಕು ಹೊಟ್ಟಿ ಗತಿ ಏನು? ನೀವ ಹೇಳ್ರಿ.

ಕಟ್ಟು ಕಟ್ಟಾಕ ಕೋಳಿ ತತ್ತಿಯ ಲೋಳಿ ಬೇಕು. ಕಟ್ಟಿಸಿಕೊಳ್ಳಾಕ ಬಂದವರ ತತ್ತಿ ತರಬೇಕು, ಇದು ಎಲೀಷಪ್ಪನ ಮನಿ ರೀತಿ. ಹನ್ನವ್ವ ಒಂದು ತತ್ತಿ ಸೆರಗಿನಾಗ ಕಟಗೊಂಡು ಗುರುವಾರ ಬಂದಳು. ಇವತ್ತು ಉಪವಾಸ ಅದೀನಿ, ಉಪವಾಸ ಇದ್ದವನ ಕೈಯಾಗ ಕಸುವು ಇರೂದಿಲ್ಲ ಅಂದ. ಶುಕ್ರವಾರ ಬಂದಳು. ದೇವರ ಪುಸ್ತಕ ಓದಾಕ ಹತ್ತೀನಿ, ಪುಸ್ತಕ ಹಿಡಿದ ಕೈಲೆ ಖಣಿಯ ಧೂಳು ಮುಟ್ಟಾಕ ಬರೂದಿಲ್ಲ ಅಂದ. ಶನಿವಾರ ಬಂದಳು. ಅಂವ ಚರ್ಚಿನ ಬಾಗಲಿಗೆ ಜ್ವಾಳದ ದಂಟು ಕಟ್ಟತಿದ್ದ. ಅಕಿಯ ಕೈಯ ಬಾವು ಮೊಣಕೈ ತನಕ ಏರಿತ್ತು.

"ಎಲೀಷಪ್ಪಣ್ಣಾ, ಇನ್ನ ತಡಾ ಆದರ ಎಲುಬು ಹಂಗ ಹಿಡಕೋತೈತಿ," ಅಂದಳು. "ಆಮ್ಯಾಲೆ ನೀವು ಮನಸ್ಸು ಮಾಡಿದರೂ ಆಗೂದಿಲ್ಲ. ನನ್ನ ಹುಡುಗ್ರ ಮಾರಿ ನೋಡ್ರಿ."

"ದೇವರ ಬಾಗಲಾ ಸಿಂಗಾರ ಮಾಡಾಕ ಹತ್ತೀನಿ. ದೇವರ ಕೆಲಸಾ ಬಿಡಿಸಿ ನಿನ್ನ ಕೆಲಸಾ ಮಾಡಸ್ತೀಯೇನು?" ಅಂದ.

ಅಕಿ ಹೊಳ್ಳಿ ಹೋದಳು. ಆದರ ಎಲೀಷಪ್ಪಗ ತಲಿ ಕೆಟ್ಟಿತು. ಇವತ್ತು ಇಕಿ, ನಾಳೆ ಮತ್ತೊಬ್ಬಾಕಿ, ದಿನಾ ಒಂದೊಂದು ನೆಪಾ ಎಲ್ಲಿಂದ ತರೂದು? ಪಾಪ, ಅದೂ ಒಂದು ದುಡಿಮಿನ ಅಲ್ಲೇನು? ಒಮ್ಮೆ ಹೇಳಿದರ ಜೀವಮಾನಕ್ಕ ಸಾಕಾಗೂವಂಥಾ ನೆಪಾ ಬೇಕಿತ್ತು ಅವಗ. ಅವತ್ತ ಹೊಳೀತು.

ಐತವಾರ ಸುಗ್ಗಿ ಹಬ್ಬ. ಆ ಊರ ಮಂದಿ ಹೊಲದ್ದು, ಹಿತ್ತಲದ್ದು, ಹಟ್ಟಿದ್ದು ತಂದು ಚರ್ಚಿನ ಮೇಜಿನ ಮ್ಯಾಲೆ ದೇವರಿಗೆ ಕಾಣಿಕೆ ಅಂತ ಇಡ್ತಿದ್ದರು. ಎಲೀಷಪ್ಪ ವರ್ಷಾ ಒಂದು ಕುಂಬಳಕಾಯಿ ತರಾಂವ, ಅದೂ ಒಂದು ಕಡೆ ಕೊಳತದ್ದು. ಈ ಸಲ ಖಾಲಿ ಕೈಲೆ ಬಂದ. ಬಂದು ಏನ ಮಾಡಿದ? ಅಂಗಿ ತೋಳು ಏರಿಸಿ ಎರಡೂ ಕೈ ಮೇಜಿನ ಮ್ಯಾಲೆ ಇಟ್ಟ, ಹೀರಿಕಾಯಿ ಮತ್ತ ಕಾಲು ಕಟ್ಟಿದ ಹುಂಜದ ನಡುವ.

"ಪ್ರಭುವೇ, ಇವತ್ತಿನಿಂದ ಈ ಕೈ ನನ್ನವಲ್ಲ, ನಿನ್ನವು," ಅಂತ ಎಲ್ಲಾರಿಗೂ ಕೇಳೂವಂಗ ಹೇಳಿದ. "ಇನ್ನ ಮ್ಯಾಲೆ ಯಾವ ಮನುಷ್ಯಾನೂ ಇವನ್ನ ಕೇಳಬಾರದು."

ಹೆಣ್ಣಮಕ್ಕಳು ಸೆರಗಲೆ ಕಣ್ಣು ಒರಿಸಿಕೊಂಡರು. ಸಭಾ ನಡಸೋ ಅಯ್ಯನೋರು ಎದ್ದು ಮೇಜಿನ ಹತ್ರ ಬಂದರು. ಅವರು ಹೀರಿಕಾಯಿ, ಹುಂಜ, ಕೈ, ಎಲ್ಲಾದರ ಮ್ಯಾಲೂ ಪ್ರಾರ್ಥನಾ ಮಾಡಿದರು. ಕಡೀ ಸಾಲಿನಾಗ ಕುಂತ ಹನ್ನವ್ವನ ಕಣ್ಣಾಗೂ ನೀರು ಬಂದವು, ಅವು ಬ್ಯಾರೆ ನೀರು. ಎಲೀಷಪ್ಪ ಎದಿ ಉಬ್ಬಿಸಿ ನಿಂತ. ಬಡವರ ಕಾಟ ತಪ್ಪಿತು, ಮ್ಯಾಲೆ ಒಂದು ಕುಂಬಳಕಾಯಿನೂ ಉಳೀತು.

ಆರಾಧನಾ ಮುಗದ ಮ್ಯಾಲೆ ಬೇವಿನ ಗಿಡದ ಬುಡಕ ಹರಾಜು. ಕೇಳ್ರಿ, ಆ ಊರ ರೂಢಿ ಹೇಳ್ತೀನಿ. ಮೇಜಿನ ಮ್ಯಾಲೆ ಇಟ್ಟು ಪ್ರಾರ್ಥನಾ ಆದದ್ದು ಯಾವುದೂ ಕೊಟ್ಟವರ ಮನಿಗೆ ಹೊಳ್ಳಿ ಹೋಗೂದಿಲ್ಲ. ಅವತ್ತ ಹರಾಜಾಗಬೇಕು, ಹೆಚ್ಚು ಕೂಗಿದವರು ಒಯ್ಯಬೇಕು. ಹರಾಜು ನಡಸಾಂವ ದೇವಸಹಾಯಪ್ಪ. ನಲವತ್ತು ವರ್ಷದಿಂದ ನಡಸ್ಯಾನ. ಒಮ್ಮೆ ಯಾರೋ ಮರತು ಮೇಜಿನ ಮ್ಯಾಲೆ ಛತ್ರಿ ಇಟ್ಟಿದ್ದಕ್ಕ ಅದನ್ನೂ ಹರಾಜು ಹಾಕಿದ ಮನಶಾ.

ಹೀರಿಕಾಯಿ ಹೋತು. ಹುಂಜ ಹೋತು. ಜ್ವಾಳದ ಚೀಲ ಹೋತು. ಆಮ್ಯಾಲೆ ದೇವಸಹಾಯಪ್ಪ, ಎಲೀಷಪ್ಪನ ಕೈ, ಎರಡು, ಯಾರು ಕೂಗ್ತೀರಿ ಅಂದ.

ಮಂದಿ ನಕ್ಕರು. ಎಲೀಷಪ್ಪನೂ ನಕ್ಕ. ದೇವಸಹಾಯಪ್ಪ ನಗಲಿಲ್ಲ. ಪ್ರಾರ್ಥನಾ ಮಾಡಿದಿರೋ ಇಲ್ಲೋ ಅಂತ ಅಯ್ಯನೋರನ್ನ ಕೇಳಿದ. ಮಾಡೀನಪ್ಪ ಅಂದರು. ಮೇಜಿನ ಮ್ಯಾಲೆ ಇಟ್ಟಿದ್ದನೋ ಇಲ್ಲೋ ಅಂತ ಮಂದಿನ್ನ ಕೇಳಿದ. ಇಟ್ಟಿದ್ದ ಅಂದರು. ಎಲೀಷಪ್ಪನ ನಗು ಅರ್ಧಕ್ಕ ನಿಂತಿತು.

"ಅದು ಆತ್ಮದ ಮಾತು, ದೇವಸಹಾಯಣ್ಣಾ," ಅಂದ.

"ಹೋದ ವರ್ಷ ಇಲ್ಲೇ ಹರಾಜಿನಾಗ ಕೋಳಿ ಹಿಡದಿ," ಅಂದ ದೇವಸಹಾಯಪ್ಪ. "ಅದನ್ನ ಆತ್ಮದಾಗ ತಿಂದಿಯೋ, ಸಾರು ಮಾಡಿ ತಿಂದಿಯೋ?"

ಹಂಗಾರ ನನ್ನ ಕೈಗೆ ನಾನ ಕೂಗ್ತೀನಿ ಅಂದ ಎಲೀಷಪ್ಪ. ಕೊಟ್ಟಾಂವ ತನ್ನ ಕಾಣಿಕೆಗೆ ತಾನ ಕೂಗಾಕ ಬರೂದಿಲ್ಲ, ಅದೂ ರೂಢಿ. ಆಗ ಇಸಾಕಪ್ಪನ ಕಡೆ ನೋಡಿದ, ನೀವರೆ ಬಿಡಿಸ್ರಿ ಅನ್ನೂವಂಗ. ಇಸಾಕಪ್ಪ ಏನ ವಿಚಾರ ಮಾಡಿದ? ಬಿಟ್ಟಿ ಸಿಗೂ ಕೈಗೆ ನಾ ಯಾಕ ಕೊಡಲಿ ಅಂತ ಮೀಸಿ ತೀಡಿದ. ಎತ್ತಿನ ಸೇವಾ ಮಾಡಿದ್ದಕ್ಕ ಸಿಕ್ಕ ಫಲ ಇದು. ಉಳದ ಮಂದಿ ಸಾವುಕಾರಗ ಹೆದರಿ ಕೂಗಲಿಲ್ಲ.

ಹಿಂದಿನಿಂದ ಒಂದು ದನಿ ಬಂತು. "ಒಂದು ತತ್ತಿ."

ಹನ್ನವ್ವ. ಮೂರು ದಿನ ಸೆರಗಿನಾಗ ಕಟಗೊಂಡು ತಿರಗಿದ ತತ್ತಿ ಎಡಗೈಲೆ ಎತ್ತಿ ಹಿಡಿದಿದ್ದಳು.

ಒಂದು ತತ್ತಿ ಒಂದು ಸಲ. ಒಂದು ತತ್ತಿ ಎರಡು ಸಲ. ಒಂದು ತತ್ತಿ ಮೂರು ಸಲ. ಮುಗೀತು. ಹತ್ತೂರಾಗ ಹೆಸರಾದ ಕೈ, ಸಾವುಕಾರರ ಮನ್ಯಾಗ ಮೆರೆದ ಕೈ, ಹುಂಜಕ್ಕಿಂತ ಅಗ್ಗ ಹೋದವು.

ಹನ್ನವ್ವ ಮುಂದ ಬಂದು ಮುರಿದ ಕೈ ಚಾಚಿದಳು. ತತ್ತಿ ಹರಾಜಿಗೆ ಹೋತಲ್ಲ, ಕಟ್ಟು ಹೆಂಗ ಕಟ್ಟಲಿ ಅಂತ ಎಲೀಷಪ್ಪ ಕಡೀ ನೆಪಾ ತಗದ. ನಿನ್ನ ಮನ್ಯಾಗ ಕೋಳಿ ಅದಾವಲ್ಲ, ತರಸು ಅಂದರು ಅಯ್ಯನೋರು. ಆ ಕೈ ಮ್ಯಾಲೆ ಪ್ರಾರ್ಥನಾ ಮಾಡಿದ್ದಕ್ಕ ಅವರಿಗೂ ಈಗ ನಾಚಿಕಿ ಆಗಿತ್ತು. ಎಲೀಷಪ್ಪ ಹಲ್ಲು ಕಡಕೋತ ಹೆಬ್ಬೆಟ್ಟು ಒತ್ತಿದ. ಮನಸ್ಸು ಸೊಟ್ಟ ಇದ್ದರೂ ಕೈ ಸೊಟ್ಟ ಇರಲಿಲ್ಲ. ಎಲುಬು ಹೋಗಿ ತನ್ನ ಜಾಗಾದಾಗ ಕುಂತಿತು. ನೋವಿಗೆ ಹನ್ನವ್ವ ತುಟಿ ಕಚ್ಚಿದಳು, ಆಮ್ಯಾಲೆ ಬೆರಳು ಒಂದೊಂದ ಆಡಿಸಿ ನೋಡಿ ಅತ್ತಳು.

ಮುಗೀತಲ್ಲ ಅಂತ ಅಂವ ಮನಿ ಕಡೆ ಹೊಂಟ.

"ಹೋಗ್ರಿ ಅಣ್ಣಾ," ಅಂದಳು ಹನ್ನವ್ವ. "ಕೈ ಇಲ್ಲೇ ಬಿಟ್ಟು ಹೋಗ್ರಿ. ಅವು ನನ್ನವು."

ಕೈ ಬಿಟ್ಟು ಹೋಗಾಕ ಬರತೈತೇನು? ಕೈ ಹೋದಲ್ಲಿಗೆ ಉಳದ ಮನಶಾನೂ ಹೋಗಬೇಕಾತು. ಖಣಿಯ ಹತ್ರ ಒಂದು ಚಪ್ಪರ ಹಾಕಿ ಅವನ್ನ ಕುಂದರಿಸಿದರು. ಕಾಲು ಮುರಿದವರು ಬಂದರು, ಬೆರಳು ಜಜ್ಜಿದವರು ಬಂದರು, ಬೆನ್ನು ಹಿಡಕೊಂಡವರು ಬಂದರು. ಇನ್ನ ಎಷ್ಟು ದಿನ ಅಂತ ಕೇಳಾಕ ಎಲೀಷಪ್ಪ ದೇವಸಹಾಯಪ್ಪನ ಕಡೆ ಓಡಿದ. ಹರಾಜಿನಾಗ ಹಿಡದ ಹೋರಿ ಯಾರರೆ ಹೊಳ್ಳಿ ಕೊಟ್ಟಾರೇನು ಅಂದು ದೇವಸಹಾಯಪ್ಪ ಬಾಗಲಾ ಹಾಕಿಕೊಂಡ.

ವರ್ಷ ಕಳೀತು. ಮತ್ತ ಸುಗ್ಗಿ ಹಬ್ಬ ಬಂತು. ಹನ್ನವ್ವನ ಹತ್ರ ಕೊಡಾಕ ಏನೈತಿ? ಹೊಲ ಇಲ್ಲ, ಹಿತ್ತಲ ಇಲ್ಲ, ಖಣಿಯಾಗ ಕಲ್ಲು ಬಿಟ್ಟು ಏನೂ ಬೆಳೆಯೂದಿಲ್ಲ. ಎಲೀಷಪ್ಪನ್ನ ರಟ್ಟಿ ಹಿಡದು ಕರಕೊಂಡು ಬಂದಳು, ಅವನ ಎರಡೂ ಕೈ ಮೇಜಿನ ಮ್ಯಾಲೆ ಇಡಿಸಿದಳು.

"ದೇವರೇ, ನನ್ನ ಹತ್ರ ಇದಕಿಂತ ಬೆಲೆಯುಳ್ಳದ್ದು ಯಾವುದೂ ಇಲ್ಲ," ಅಂದಳು. "ನಿನಗ ಕೊಟ್ಟೀನಿ."

ಈ ಸಲ ಯಾರೂ ಅಳಲಿಲ್ಲ. ನಾಟಕ ಇಲ್ಲಂದರ ಮಂದಿಗೆ ಅಳು ಎಲ್ಲಿಂದ ಬರಬೇಕು?

ಬೇವಿನ ಗಿಡದ ಬುಡಕ ಹರಾಜು ಸುರು ಆತು. ಈ ಸಲ ಕೊಟ್ಟಾಕಿ ಹನ್ನವ್ವ, ಹಂಗಾಗಿ ಎಲೀಷಪ್ಪ ಕೂಗಾಕ ಯಾವ ಅಡ್ಡಿನೂ ಇರಲಿಲ್ಲ. ಕೂಲಿಯವರ ಕಾಲು ಮುಟ್ಟಿದ ಕೈ ನನಗ ಬ್ಯಾಡ ಅಂತ ಇಸಾಕಪ್ಪ ಮೂಗು ಮುಚ್ಚಿಕೊಂಡ. ಖಣಿಯವರು ಕೂಗಿದರು. ಎರಡು ತತ್ತಿ ಅಂದ ಒಬ್ಬ. ಐದು ಅಂದಳು ಇನ್ನೊಬ್ಬಾಕಿ. ಕಡಿಗೆ ಎಲ್ಲಾರೂ ಕೂಡಿ ಹನ್ನೊಂದು ಅಂದರು. ಅವರ ಹತ್ರ ಇದ್ದದ್ದ ಅಷ್ಟು. ಎಲೀಷಪ್ಪ ಹನ್ನೆರಡು ಅಂದರ ಸಾಕಿತ್ತು, ಕೈ ಮತ್ತ ಅವನವು. ಖಣಿಯವರು ಉಸಿರು ಹಿಡದು ಅವನ ಬಾಯಿ ನೋಡಿದರು.

ಅಂವ ಬಾಯಿ ತಗದ. ಖಣಿಯವರ ಮಾರಿ ನೋಡಿದ. ಬಾಯಿ ಮುಚ್ಚಿದ. ದೇವಸಹಾಯಪ್ಪ ಮೂರು ಸಲ ಅಂದು ಮುಗಿಸಿದ.

ಎಲೀಷಪ್ಪನ ಮನಸ್ಸು ಕರಗಿತು ಅಂತ ಅಯ್ಯನೋರು ಮುಂದಿನ ಐತವಾರ ಪ್ರಸಂಗ ಮಾಡಿದರಂತ. ಇರಬಹುದು. ನನಗ ಕೇಳಿದರ, ಹನ್ನೆರಡು ತತ್ತಿ ಬಿಚ್ಚಾಕ ಆ ಜುಗ್ಗಗ ಜೀವ ಬರಲಿಲ್ಲ. ಹೆಂಗರೆ ಆಗಲಿ, ಖಣಿಯವರ ಎಲುಬು ನೆಟ್ಟಗ ಕೂಡಿದವು.

ನನ್ನ ಕತಿ ಇಲ್ಲಿಗೆ ಮುಗೀತು, ಹೇಳಿ ಹೇಳಿ ಬಾಯಿ ಒಣಗೈತಿ. ಕೇಳಿದವರೊಳಗ ಯಾರರೆ ಎದ್ದು ಒಂದು ತಂಬಿಗಿ ನೀರು ತರ್ರಿ. ನಿಮ್ಮ ಕೈ ಅಷ್ಟಕ್ಕರೆ ಉಪಯೋಗ ಆಗಲಿ.