ಯೇಸಪ್ಪನ ಪರ ಸಾಕ್ಷಿ

ಅಲ್ಲ, ಫಾದರ್ ಬಾಗ್ಲ ಹಾಕಿದ್ರು ಅಂತ ನಾವು ಹಾಡೋದೇನು ಬಿಡ್ಲಿಲ್ಲ, ಅದನ್ನ ಮೊದ್ಲು ತಿಳ್ಕೊಳ್ರಿ. ಈಗ ನಿಮಗ ಧ್ಯಾನಕೂಟ ಅಂದ್ರ ಶಾಮಿಯಾನ, ಮೈಕು, ಕೀಬೋರ್ಡು, ಸಿಂಧನೂರಿನಿಂದ ಎರಡು ಬಸ್ಸು, ಮಸ್ಕಿಯಿಂದ ಟ್ರಾಕ್ಸ್ ತುಂಬ ಮಂದಿ. ಮೊದ್ಲಿಂದ ಹಿಂಗೇ ಇತ್ತು ಅಂತ ತಿಳ್ದೀರಿ. ಮೊದ್ಲು ಏನಿತ್ತು ಗೊತ್ತೇನು? ನನ್ನ ಹೊಲಿಗಿ ಮಷೀನು, ಒಂದು ಹರಕ ಚಾಪಿ, ಮೂರು ಮಂದಿ ಹೆಣ್ಮಕ್ಕಳು. ಅಷ್ಟೇ. ನಾನು ಆಗ ಲಿಂಗಸುಗೂರಿನ್ಯಾಗ ಜಂಪರು ಹೊಲಿತಿದ್ದೆ. ಎಂಬತ್ತೇಳೋ ಎಂಬತ್ತೆಂಟೋ ಇರಬೇಕು, ನಿಮ್ಮವ್ವ ಇನ್ನೂ ಫ್ರಾಕು ಹಾಕ್ಕೋತಿದ್ಲು. ನಮ್ಮ ತಂಗಿ ದಢೇಸುಗೂರು ಕಡೆ ಕಾಲುವಿ ಕ್ಯಾಂಪಿನ್ಯಾಗ ಇದ್ಲು, ಆಕಿನ್ನ ನೋಡಾಕ ಹೋದಾಗ ಅಲ್ಲಿ ತೆಲುಗು ಹೆಣ್ಮಕ್ಕಳು ಭತ್ತ ನಾಟಿ ಮುಗಿಸಿ ಬಂದು, ಕೆಸರ ಕಾಲು ತೊಳ್ಕೊಂಡು, ಕುಂತು ಚಪ್ಪಾಳಿ ಹೊಡ್ದು ಹಾಡೋದು ನೋಡ್ದೆ. ಹಾಡು ಮುಗಿದ ಮ್ಯಾಲ ದೇವ್ರಿಗೆ ಬಾಯಿಗೆ ಬಂದಂಗ ಹೇಳ್ಕೊಳ್ಳೋದು, ಬಾಜೂ ಮನ್ಯಾಕಿ ಸಂಗಡ ಮಾತಾಡಿದಂಗ. ಅಲ್ಲಿತನಕ ನನಗ ಜಪಸರ ಒಂದೇ ಗೊತ್ತು, ಪುಸ್ತಕದಾಗ ಇದ್ದಿದ್ದು ಒಂದೇ ಗೊತ್ತು. ನನ್ನ ಎದಿ ತುಂಬಿ ಬಂತು. ಒಬ್ರು ಸಿಸ್ಟರ್ ಹೇಳಿದ್ರು, ಇದಕ್ಕ ಕ್ಯಾರಿಸ್ಮ್ಯಾಟಿಕ್ ನವೀಕರಣ ಅಂತಾರ, ಪವಿತ್ರಾತ್ಮರ ಕೆಲ್ಸ ಅಂತ. ಆ ಹೆಸ್ರು ನನ್ನ ನಾಲಿಗಿ ಮ್ಯಾಲ ನಿಂದ್ರಾಕ ಒಂದು ವರ್ಷ ಹಿಡೀತು. ನಿಮ್ಮಜ್ಜ ಅಂತೂ ಸಾಯೋತನಕ "ನಿಂದು ಕರಿಮಟ್ಟಿಕಿ ಮುಗೀತೇನು, ರೊಟ್ಟಿ ಬಡೀತಿಯೇನು?" ಅಂತನ ಕೇಳಿದ್ರು. ಆದ್ರ ಒಂದು ದಿನನೂ ಹೋಗಬ್ಯಾಡ ಅನ್ಲಿಲ್ಲ, ಆ ಪುಣ್ಯಾತ್ಮ.

ಎಲ್ಲಿದ್ದೆ? ಹಾಂ, ಚಾಪಿ. ಮೂರು ಮಂದಿ ಇದ್ದಿದ್ದು ಹದಿನೈದಾತು, ಹದಿನೈದು ಇಪ್ಪತ್ತಾತು, ನನ್ನ ಖೋಲಿ ಸಾಲ್ದಂಗಾತು. ಚರ್ಚಿನ ಹಿಂದ ಒಂದು ಹಾಲ್ ಇತ್ತಲ್ಲ, ಅಲ್ಲಿ ಶುಕ್ರವಾರ ಸಂಜಿಗೆ ಕೂಡಾಕತ್ತಿದ್ವಿ. ಸಂತೆಕಲ್ಲೂರಿನಿಂದ, ಗುರುಗುಂಟಾದಿಂದ ನಮ್ಮ ಮಂದಿ ಬಸ್ಸಿಗೆ ಬರ್ತಿದ್ರು, ಮಸ್ಕಿಯಿಂದನೂ ನಾಲ್ಕೈದು ಮನಿಯಾವ್ರು. ಫಾದರ್ ಆಗ ವಯಸ್ಸಾದವ್ರು ಇದ್ರು, ಮಂಗಳೂರು ಕಡ್ಯಾವ್ರು, ಮಾತೆಲ್ಲಾ ಪುಸ್ತಕದಾಗಿಂದು. ಕೆಟ್ಟವ್ರಲ್ಲ ಮಕ್ಳಾ, ಹಂಗ ಅನ್ಬ್ಯಾಡ್ರಿ. ಯಾರರ ಜಡ್ಡಿಗೆ ಬಿದ್ದಾರಂದ್ರ ಆ ಬಿಸಿಲಾಗ ಸೈಕಲ್ ತುಳ್ಕೊಂಡು ಹೋಗಿ ಪ್ರಾರ್ಥನಾ ಮಾಡಿ ಬರ್ತಿದ್ರು. ಆದ್ರ ಚಪ್ಪಾಳಿ ಅಂದ್ರ ಅವ್ರಿಗೆ ತಲಿಶೂಲಿ. ಒಂದಿನ ಕರ್ದು ನಿಂದ್ರಿಸಿದ್ರು. "ನೋಡಿ ತೆರೇಸಮ್ಮ, ಇದು ದೇವಾಲಯ, ಸಂತೆಯಲ್ಲ. ನಿಮ್ಮ ಈ ಗದ್ದಲದಿಂದ ಯಾರಿಗೆ ಏನು ಒಳ್ಳೆಯದಾಗಿದೆ? ಐದು ಜನರನ್ನು ಕರೆತನ್ನಿ. ಭಾನುವಾರ ಪೂಜೆಯಾದ ಮೇಲೆ ನನ್ನ ಎದುರು ನಿಂತು ಸಾಕ್ಷಿ ಹೇಳಲಿ. ಇಲ್ಲವಾದರೆ ಹಾಲಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ." ನಾನು ಒಳಗ ನಕ್ಕೆ. ಐದು ಏನು ಬಂತು ಫಾದರ್, ಇಪ್ಪತ್ತು ತಂದು ನಿಂದ್ರಿಸ್ತೀನಿ ಅಂತ ಮನಸಿನ್ಯಾಗ ಅಂದ್ಕೊಂಡೆ. ಸೊಕ್ಕು ಅದು, ಈಗ ಗೊತ್ತಾಗ್ತೈತಿ.

ಮರುದಿನನ ಬಸ್ ಹತ್ತಿ ಸಂತೆಕಲ್ಲೂರಿಗೆ ಹೋದೆ. ಅಲ್ಲಿ ದಾವಿದಪ್ಪ ಅಂತ ಇದ್ದ. ಸೇಂದಿ ಅಂದ್ರ ಪ್ರಾಣ ಅವಂಗ, ಮುಂಜಾನಿ ಸೇಂದಿ ಅಂಗಡ್ಯಾಗ ಕುಂತ್ರ ಸಂಜಿಗೆ ಯಾರರ ಹೊತ್ಕೊಂಡು ತರ್ಬೇಕು. ಅವನ ಹೇಣ್ತಿ ಲೂರ್ದಮ್ಮ ಒಂದಿನ ಅವನ್ನ ಎಳ್ಕೊಂಡು ಪ್ರಾರ್ಥನಾಕ್ಕ ತಂದಿದ್ಲು. ನಾವು ತಲಿ ಮ್ಯಾಲ ಕೈಯಿಟ್ಟು ಬೇಡ್ಕೊಂಡ್ವಿ, ಅವ ಹುಡುಗರಂಗ ಅತ್ತ. ಹತ್ತು ತಿಂಗಳಾಗಿತ್ತು, ಒಂದು ಹನಿ ಮುಟ್ಟಿರ್ಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇನು? ನಾನು ಒಂದು ನೋಟ್‌ಬುಕ್ ಹಿಡ್ಕೊಂಡು ಹೋಗಿದ್ದೆ, ಹೆಸ್ರು ಬರ್ಕೊಳ್ಳಾಕ. "ದಾವಿದಪ್ಪ, ಬರೂ ಐತವಾರ ಲಿಂಗಸುಗೂರಿಗೆ ಬರ್ಬೇಕು ನೋಡಪ್ಪ, ಸಾಕ್ಷಿ ಹೇಳೋದೈತಿ" ಅಂದೆ.

ಅವನ ಮಾರಿ ಸಣ್ಣದಾತು. "ಯಾರ ಪರ ಯಕ್ಕಾ?" ಅಂದ.

"ಯಾರ ಪರ ಅಂದ್ರ? ನಮ್ಮ ಯೇಸಪ್ಪನ ಪರ" ಅಂದೆ. ನಾವು ಪ್ರೀತಿಗೆ ಯೇಸುಸ್ವಾಮಿನ್ನ ಹಂಗ ಅಂತಿದ್ವಿ.

"ಸುಮ್ನ ಹೇಳಿದ್ರ ನಡೀತೈತೇನು?"

"ಸುಮ್ನ ಹೆಂಗಾಕ್ಕೈತಿ? ಒಂದೂ ಸುಳ್ಳು ಇರ್ಬಾರ್ದು. ಏನು ನೋಡೀಯೋ, ಏನಾತೋ, ಎಲ್ಲಾ ಹೇಳ್ಬೇಕು. ಅಡ್ಡ ಪ್ರಶ್ನಿ ಕೇಳಿದ್ರೂ ಕೇಳ್ತಾರ."

"ಆತು ಬಿಡು ಯಕ್ಕಾ, ಬರ್ತೀನಿ" ಅಂದ. ಅಪ್ಪನ ಹೆಸ್ರು ಕೇಳ್ದೆ, ಮೆಲ್ಲಕ ಹೇಳ್ದ. ಬರ್ಕೊಂಡೆ. ಅಲ್ಲಿಂದ ಗುರುಗುಂಟಾಕ್ಕ ಹೋದೆ, ಅಲ್ಲಿ ನಾಲ್ಕು ಮಂದಿಗೆ ಹಿಂಗೇ ಹೇಳಿ ಹೆಸ್ರು ಬರ್ಕೊಂಡೆ. ಎಲ್ರೂ "ಆತು ಬಿಡು" ಅಂದ್ರು. ಆ "ಆತು ಬಿಡು" ಅನ್ನೋದ್ರಾಗ ಏನೈತಿ ಅಂತ ನನಗ ತಿಳೀಲಿಲ್ಲ ನೋಡ್ರಿ. ಬಸ್ಸಿನ್ಯಾಗ ಹಾಡ್ಕೋತ ಬಂದೆ ನಾನು, ಕಂಡಕ್ಟರ್ ತಿರುಗಿ ತಿರುಗಿ ನೋಡ್ತಿದ್ದ.

ಐತವಾರ ಬಂತು. ಪೂಜಿ ಮುಗೀತು. ಫಾದರ್ ಕುರ್ಚಿ ಹಾಕ್ಸಿ ಕುಂತ್ರು. ನಾನು ಗೇಟಿಗೆ ಹೋಗಿ ನಿಂತೆ. ಗುರುಗುಂಟಾ ಬಸ್ ಬಂತು, ಮಸ್ಕಿ ಬಸ್ ಬಂತು, ಮತ್ತೊಂದು ಬಂತು. ಒಬ್ಬರಿಲ್ಲ. ಐದರಾಗ ಒಬ್ಬರಿಲ್ಲ ಮಕ್ಳಾ. ಬಿಸಿಲು ನೆತ್ತಿಗೆ ಬಂತು, ಫಾದರ್ ಎರಡು ಸಲ ವಾಚು ನೋಡ್ಕೊಂಡ್ರು. "ನಿಮ್ಮ ಸಾಕ್ಷಿಗಳು ದಾರಿ ತಪ್ಪಿದರೆಂದು ಕಾಣುತ್ತದೆ" ಅಂದ್ರು, ಸಿಟ್ಟಿನಿಂದ ಅಲ್ಲ, ತಣ್ಣಗ. ಸಿಟ್ಟಾಗಿದ್ರ ಚಲೋ ಇತ್ತು. ಹಾಲಿಗೆ ಬೀಗ ಬಿತ್ತು.

ಮತ್ತ ನನ್ನ ಖೋಲಿ, ಮತ್ತ ಆ ಹರಕ ಚಾಪಿ. ಇಪ್ಪತ್ತು ಮಂದಿ ಇದ್ದಿದ್ದು ಒಂಬತ್ತಾದ್ರು, ಒಂಬತ್ತು ಐದಾದ್ರು. "ಫಾದರ್ ಬ್ಯಾಡಂದಾರಂತ, ನಮಗ್ಯಾಕ ಬೇಕು" ಅಂತ ಅಂದ್ರು. ಅವ್ರದೇನು ತಪ್ಪು? ನಾನು ಮಷೀನ್ ತುಳೀತ ತುಳೀತ ದೇವ್ರ ಸಂಗಡ ಜಗಳಾ ಆಡ್ತಿದ್ದೆ. ಸ್ವಾಮೀ, ಇದು ನಿನ್ನ ಕೆಲ್ಸ, ನನ್ನದಲ್ಲ, ನಿನಗ ಬ್ಯಾಡಾಗಿದ್ರ ನೆಟ್ಟಗ ಹೇಳಿಬಿಡು, ನಾನು ಜಂಪರು ಹೊಲ್ಕೊಂಡು ಸುಮ್ನಿರ್ತೀನಿ, ಹಿಂಗ ಮಂದಿ ಮುಂದ ನಗಿಗೇಡು ಯಾಕ ಮಾಡ್ತಿ ಅಂತ. ದೇವ್ರಿಗೆ ಹಂಗ ಅನ್ಬಾರ್ದು ಅಂತ ಗೊತ್ತು. ಆದ್ರ ಅಂದೆ. ಅಂದು ಅಂದು ಸೂಜಿ ಮುರ್ದೆ. ದಾವಿದಪ್ಪನ ಮ್ಯಾಲ ಅಂತೂ ಅಂಥಾ ಸಿಟ್ಟು, ಮತ್ತ ಕುಡಿಯಾಕತ್ತಿರ್ಬೇಕು ಮೂಳ ಅಂತ ನಾನ ತೀರ್ಮಾನ ಮಾಡ್ಕೊಂಡುಬಿಟ್ಟಿದ್ದೆ.

ನಾಲ್ಕು ತಿಂಗಳು, ನಾಲ್ಕು ತಿಂಗಳು ನಾನು ಅವ್ರ ಊರಿಗೆ ಹೋಗ್ಲಿಲ್ಲ. ಕಡೀಕ ಲೂರ್ದಮ್ಮನ ಒಂದಿನ ಲಂಗದ ಬಟ್ಟಿ ಹಿಡ್ಕೊಂಡು ನನ್ನ ಬಾಗ್ಲಿಗೆ ಬಂದ್ಲು. ನಾನು ಮಾರಿ ಎತ್ತದ ಕೇಳ್ದೆ, "ನಿನ್ನ ಗಂಡ ಮತ್ತ ಹಚ್ಚ್ಯಾನೇನು?" ಅಂತ.

"ಏನು ಹಚ್ಚ್ಯಾನ?"

"ಸೇಂದಿ."

"ಇಲ್ಲಬೇ. ಚಾ ಕುಡೀತಾನ, ಸಕ್ರಿ ಸಾಲೂದಿಲ್ಲ."

"ಮತ್ತ ಅವತ್ತು ಯಾಕ ಬರ್ಲಿಲ್ಲ? ಎಲ್ಲಿದ್ದ?"

"ಜ್ವಾಳದ ಹೊಲದಾಗ ಕುಂತಿದ್ದ. ಮುಂಜಾನಿಂದ ಸಂಜಿತನಕ. ನಾನ ಬುತ್ತಿ ಒಯ್ದು ಕೊಟ್ಟೀನಿ." ಆಕಿ ನಗಾಕತ್ತಿದ್ಲು. "ಯಕ್ಕಾ, ನಮ್ಮ ಓಣ್ಯಾಗ ಯೇಸಪ್ಪ ಇಲ್ಲೇನು? ಅವನಿಗೂ ಅವನ ತಮ್ಮಗೂ ಹೊಲದ ಬದುವಿನ ಜಗಳ, ಲಿಂಗಸುಗೂರು ಕೋರ್ಟಿನ್ಯಾಗ ನಡೆದೈತಿ. ನೀ ಬಂದು ಅಪ್ಪನ ಹೆಸ್ರು ಬರ್ಕೊಂಡಿ, ಯೇಸಪ್ಪನ ಪರ ಸಾಕ್ಷಿ ಹೇಳು ಅಂದಿ, ಅಡ್ಡ ಪ್ರಶ್ನಿ ಕೇಳ್ತಾರ ಅಂದಿ. ಐತವಾರ ಕೋರ್ಟಿಗೆ ರಜಾ ಅನ್ನೋದೂ ಇವಂಗ ಹೊಳೀಲಿಲ್ಲ. ಇವ ಹೇಳಿದ್ರ ತಮ್ಮ ಬಿಡೂದಿಲ್ಲ, ಹೇಳ್ಲಿಲ್ಲಂದ್ರ ಅಣ್ಣ ಬಿಡೂದಿಲ್ಲ. ಗುರುಗುಂಟಾದಾವ್ರಿಗೆ ಯಾವ ಯೇಸಪ್ಪ ಅಂತನೂ ಗೊತ್ತಿಲ್ಲ, ಕೋರ್ಟಿನ ತಾರೀಖು ಅಂತ ತಿಳ್ದು ಬೀಗರ ಊರಿಗೆ ಹೋಗಿದ್ರಂತ."

ನಾನು ಕತ್ರಿ ಕೆಳಗಿಟ್ಟೆ. ನಕ್ಕೆನೋ ಅತ್ತೆನೋ ಇವತ್ತಿಗೂ ಗೊತ್ತಿಲ್ಲ. ನಮ್ಮ ಮಂದಿಗೆ ಲಿಂಗಸುಗೂರಿಗೆ ಹೋಗಿ ಸಾಕ್ಷಿ ಹೇಳೋದಂದ್ರ ಇನ್ನೇನಿರ್ತೈತಿ? ಫಾದರ್ ಪುಸ್ತಕದಾಗಿನ ಮಾತು ಕೊಟ್ರು, ನಾನು ಗಿಣಿಯಂಗ ಒಯ್ದು ಒಪ್ಪಿಸ್ದೆ.

ಓಡಿ ಹೋಗಿ ಫಾದರ್‌ಗೆ ಹೇಳಿದ್ರ, "ಇದೆಲ್ಲ ನೆಪ" ಅಂದುಬಿಟ್ರು. ನೋಡ್ರಿ, ಖರೇ ಹೇಳಿದ್ರ ನೆಪ. ಆದ್ರ ನಾನೂ ಬಿಡ್ಲಿಲ್ಲ, ಮುಂದಿನ ವಾರ ದಾವಿದಪ್ಪನ್ನ ಕರ್ಕೊಂಡ ಬಂದೆ, ಲೂರ್ದಮ್ಮನೂ ಬೆನ್ನ ಹತ್ತಿ ಬಂದ್ಲು. ದಾರಿಗುಂಟ ಹೇಳ್ಕೋತ ಬಂದೀನಿ: ಕೋರ್ಟಲ್ಲೋ ಮಾರಾಯ, ದೇವ್ರು ನಿನಗೇನು ಮಾಡ್ಯಾನ ಅಷ್ಟು ಹೇಳು. ಹೂಂ ಯಕ್ಕಾ, ಹೂಂ ಯಕ್ಕಾ. ಒಳಗ ಹೋದ್ವಿ. ಫಾದರ್ ಬಿಳಿ ನಿಲುವಂಗಿ ಹಾಕ್ಕೊಂಡು, ಅಷ್ಟ ದೊಡ್ಡ ಮೇಜು, ಅದರ ಮ್ಯಾಲ ರಟ್ಟಿನ ದಫ್ತರ ತೆರ್ದು, ಪೆನ್ನು ಹಿಡ್ದು ಕುಂತಾರ. "ಹೆಸರು? ತಂದೆಯ ಹೆಸರು? ಸತ್ಯವನ್ನೇ ಹೇಳಬೇಕು, ತಿಳಿಯಿತೇ?"

ಮುಗೀತು. ದಾವಿದಪ್ಪ ಕೈ ಮುಗ್ದ. "ನಾ ಏನೂ ನೋಡಿಲ್ರಿ. ಅವತ್ತು ನಾ ಊರಾಗ ಇರ್ಲಿಲ್ರಿ."

ಫಾದರ್ ನನ್ನ ಕಡೆ ನೋಡಿದ್ರು. ನನಗ ಭೂಮಿ ಬಾಯಿ ಬಿಡಬಾರ್ದೇನು ಅನ್ನಿಸ್ತು. ಅಷ್ಟೊತ್ತಿಗೆ ಬಾಗ್ಲದ ಕಡೀಂದ ಲೂರ್ದಮ್ಮ ಅಂದ್ಲು, ಸೆರಗು ತಲಿಮ್ಯಾಲ ಎಳ್ಕೊಂಡು, ಮೆಲ್ಲಕ: "ಖರೇ ಹೇಳಾಕತ್ತಾನ ಫಾದರ್. ಇರ್ಲಿಲ್ಲ. ಹನ್ನೆರಡು ವರ್ಷ ಇರ್ಲಿಲ್ಲ. ನನ್ನ ಎರಡು ಬಾಣಂತನಾದಾಗ ಇರ್ಲಿಲ್ಲ, ನಮ್ಮ ಮಾವ ಸತ್ತಾಗ ಇರ್ಲಿಲ್ಲ, ಸೇಂದಿ ಅಂಗಡ್ಯಾಗ ಇದ್ದ. ಈಗ ಮನ್ಯಾಗ ಇದಾನ. ಅಷ್ಟ ಹೇಳಾಕ ಬಂದೀನ್ರಿ."

ಫಾದರ್ ದಫ್ತರದಾಗ ಏನೂ ಬರೀಲಿಲ್ಲ. ಪೆನ್ನಿನ ಮುಚ್ಚಳ ಹಾಕಿದ್ರು, ಮೇಜಿನ ಖಾನಿ ತೆರ್ದು ಬೀಗದ ಕೈ ತೆಗ್ದು ನನ್ನ ಕಡೆ ಸರಿಸಿದ್ರು. ಉಳಿದ ನಾಲ್ಕು ಮಂದಿ ಎಲ್ಲಿ ಅಂತ ಕೇಳ್ಲಿಲ್ಲ. "ಚಪ್ಪಾಳೆ ಸ್ವಲ್ಪ ಮೆಲ್ಲಗೆ" ಅಂದ್ರು ಅಷ್ಟೇ. ಮೆಲ್ಲಕೇನು ಹೊಡೀಲಿಲ್ಲ ಬಿಡ್ರಿ ನಾವು.

ಆತು, ಗೆದ್ವಿ ಅಂತ ತಿಳ್ಕೊಂಡ್ರೇನು? ವರ್ಷ ತುಂಬೋದ್ರಾಗ ಆ ಫಾದರ್‌ಗೆ ಬದ್ಲಿ ಆತು, ಹೊಸಬ್ರು ಬಂದ್ರು. "ಇದರಿಂದ ಯಾರಿಗೆ ಏನು ಲಾಭ?" ಮತ್ತ ಮೊದ್ಲಿಂದ. ತೊಂಬತ್ತನೇ ಇಸ್ವಿ ದಾಟಿ ಸಿಂಧನೂರಿನ್ಯಾಗ ದೊಡ್ಡ ಧ್ಯಾನಕೂಟ ಆಗೋತನಕ ಮೂರು ಫಾದರ್‌ಗೆ ಮೂರು ಸಲ ಅದಕ್ಕ ಉತ್ರ ಹೇಳೀನಿ, ನನ್ನ ಗಂಟ್ಲ ಒಣಗಿ ಹೋಗ್ಯಾದ. ಆದ್ರ ಅಲ್ಲಿಂದ ಮುಂದ ಯಾವ ಊರಿಗೆ ಹೋದ್ರೂ ಸಾಕ್ಷಿ ಅನ್ನೋ ಶಬ್ದ ಬಾಯಾಗ ತರ್ಲಿಲ್ಲ, ನಿನ್ನ ಮನ್ಯಾಗ ಏನು ಚಲೋ ಆಗೈತಿ ಬಂದು ಹೇಳು ಅಂತಿದ್ದೆ, ಬರ್ತಿದ್ರು. ಕರ್ದವ್ರು ಬರ್ಲಿಲ್ಲಂದ್ರ ನಾಲ್ಕು ತಿಂಗಳು ಮಾರಿ ಉಬ್ಬಿಸ್ಕೊಂಡು ಕುಂದ್ರಬ್ಯಾಡ್ರಿ, ಮರುದಿನನ ಅವ್ರ ಮನಿಗೆ ಹೋಗಿ ಯಾಕ ಬರ್ಲಿಲ್ಲಪ್ಪ ಅಂತ ಕೇಳ್ರಿ. ಏಳ್ರಿನ್ನ, ನಳ ಬಂದಾವು, ಕೊಡ ಹಚ್ರಿ.